ಪಡಸಾಲೆಯಿಂದ ಪಾಯಖಾನೆಗೆ ಒಂದು ಹಗ್ಗ

ಬೆಟಗೇರಿಯ ನಮ್ಮ ತವರುಮನೆಯಲ್ಲಿ ಪಡಸಾಲೆಯ ಕಂಬದಿಂದ ಹಿತ್ತಲಿನ ಪಾಯಖಾನೆವರೆಗೆ ಒಂದು ಹಗ್ಗವಿದೆ. ಬಂದವರು ಅದರ ಮೇಲೆ ಟವೆಲ್ ಹಾಕಲು ಹೋದರೆ ಅವ್ವ ಕೈಮೇಲೆ ಪಟ್ಟನೆ ಹೊಡೆಯುತ್ತಾಳೆ. ಬೀಗರನ್ನೂ ಬಿಟ್ಟಿಲ್ಲ. ಯಾಕೆಂದು ಹೇಳುತ್ತೇನೆ.

ಸಕ್ಕರೆ ಕಾಯಿಲೆ ಅಪ್ಪನ ಕಣ್ಣು ತಿಂದು ಮುಗಿಸಿದ ಮೇಲೆ ನಾನು ಶಿರಹಟ್ಟಿಯಿಂದ ಬಸ್ಸು ಹತ್ತಿ ಮತ್ತೆ ಮತ್ತೆ ತವರಿಗೆ ಬರುತ್ತಿದ್ದೆ. ಬಂದಾಗಲೆಲ್ಲ ಒಂದೇ ಜಗಳ. ಅಪ್ಪ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹಿತ್ತಲಿಗೆ ಹೋಗಬೇಕು, ಅವ್ವ ಕೈ ಹಿಡಿಯಬೇಕು, ಬಾಗಿಲ ಹೊರಗೆ ಕಾಯಬೇಕು. ಆಯುಷ್ಯವೆಲ್ಲ ಸೀರೆ ನೇಯ್ದು ಮನೆ ನಡೆಸಿದ ಮನುಷ್ಯ, ಆ ನಾಚಿಕೆಗೆ ಬಾಯಿ ಒಣಗಿಸಿಕೊಂಡು ಕೂತಿದ್ದ. ನನಗೆ ಅಯ್ಯೋ ಅನಿಸುತ್ತಿತ್ತು, ಬಾಯಲ್ಲಿ ಮಾತ್ರ ಬೈಗುಳವೇ ಬರುತ್ತಿತ್ತು.

ಗದಗಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮ ಎಲ್ಲಿಂದಲೋ ಒಂದು ಕೋಲು ತರಿಸಿಕೊಟ್ಟ. ಮುಂದೆ ಏನಾದರೂ ಅಡ್ಡ ಬಂದರೆ ಕುಂಯ್ ಎನ್ನುವ ಕೋಲು. ನಮ್ಮ ಮನೆಯಲ್ಲಿ ಅಡ್ಡ ಬಾರದ್ದೇನಿದೆ? ಡ್ರಮ್ಮು, ಕೊಡ, ಬಕೆಟ್ಟು, ಅವ್ವ. ಅದು ಎಲ್ಲದಕ್ಕೂ ಒದರಿತು.

“ಇದಕ್ಕ ನಿಮ್ಮವ್ವನ ಬಾಯಿ ಬಂದೈತಿ. ಇಬ್ಬರ ಜೋಡಿ ನನ್ನ ಕೈಲೆ ಆಗೂದಿಲ್ಲಪಾ,” ಎಂದು ಅಪ್ಪ ಅದನ್ನು ಮೂಲೆಗೆ ನಿಲ್ಲಿಸಿದ.

“ಹಂಗಾರ ಹಿತ್ತಲತನಕ ಒಂದು ಹಗ್ಗಾ ಕಟ್ಟಿದ್ರ ಹಿಡಕೊಂಡು ಹೋಗ್ತೀರೇನು?” ಎಂದಳು ಅವ್ವ.

ಅಪ್ಪ ಹಗ್ಗ ಹಿಡಿದವನಂತೆ ಎರಡು ಬೆರಳು ಉಜ್ಜಿ ನೋಡಿಕೊಂಡ. “ಪ್ಲಾಸ್ಟಿಕ್ಕಿಂದು ಬ್ಯಾಡ, ಜಾರತೈತಿ. ನೂಲು ಕೊಡು.”

ಮಗ್ಗದ ಕೋಣೆಯಲ್ಲಿ ಉಳಿದಿದ್ದ ಹತ್ತಿ ನೂಲನ್ನು ಕೂಡಿಸಿ ತಾನೇ ಹೊಸೆದ. ಸೊಂಟದೆತ್ತರಕ್ಕೆ ಕಟ್ಟಿದೆವು. ಮೆಟ್ಟಿಲು ಬರುವಲ್ಲಿ ಒಂದು ಗಂಟು ಹಾಕಿಸಿದ.

ಮರುದಿನವೇ ನಳಕ್ಕೆ ನೀರು ಬಂತು. ಎಷ್ಟೋ ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಅದು ಮನೆಯ ಅರಿವೆಯೆಲ್ಲ ಒಗೆಯುವ ದಿನ. ಕಣ್ಣೆದುರು ಹೊಸ ಹಗ್ಗ ಬಿಗಿದಿದ್ದರೆ ಯಾವ ಹೆಂಗಸಿನ ಕೈ ಸುಮ್ಮನಿದ್ದೀತು? ಅವ್ವ ಎರಡು ಚಾದರ ಹಿಂಡಿ ಅದರ ಮೇಲೇ ಹರವಿ, ನನ್ನ ಜೊತೆ ಕೊಡ ತುಂಬಲು ಬೀದಿಗೆ ಬಂದುಬಿಟ್ಟಳು. ಮರಳಿ ಬಂದಾಗ ಅಪ್ಪ ಅಂಗಳದ ನಡುವೆ ನಿಂತಿದ್ದ, ಕೈಯಲ್ಲಿ ಚಾದರದ ಅಂಚು. ಹಗ್ಗ ತಪ್ಪಿಹೋಗಿತ್ತು. ಧೋತರ ಒದ್ದೆಯಾಗಿತ್ತು. ಒಂದು ಸಲವೂ ಕೂಗಿರಲಿಲ್ಲ.

“ಕಣ್ಣು ಹೋಗಿದ್ದು ಅಪ್ಪಂದೋ ನಿಂದೋ?” ಎಂದು ಅವ್ವನ ಮೇಲೆ ಹರಿಹಾಯ್ದೆ. ಅವಳು ಚಾದರ ಎಳೆದು ಹೆಗಲಿಗೆ ಹಾಕಿಕೊಂಡು, ಸ್ಟೂಲು ಹತ್ತಿ, ಅರಿವೆಗೆಂದೇ ಮೇಲೊಂದು ಹಗ್ಗ ಬಿಗಿದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ರಾತ್ರಿ ಊಟವಿಲ್ಲ, ನೀರಿಲ್ಲ. ಇನ್ನು ಅಪ್ಪ ಆ ಹಗ್ಗ ಮುಟ್ಟುವುದಿಲ್ಲ ಎಂದುಕೊಂಡು ನಾನು ಅತ್ತೆ.

ಬೆಳಿಗ್ಗೆ ನೋಡಿದರೆ ಮಂಚ ಖಾಲಿ! ನಾನೂ ಅವ್ವನೂ ಹಿತ್ತಲಿಗೆ ಓಡಿದೆವು. ಅಪ್ಪ ಹಗ್ಗದ ಮೇಲೆ ಕೈ ಜಾರಿಸುತ್ತ ಒಬ್ಬನೇ ಹೋಗುತ್ತಿದ್ದ. ಗಂಟು ಸಿಕ್ಕಲ್ಲಿ ನಿಂತ, ಕಾಲಿನಿಂದ ಮೆಟ್ಟಿಲು ತಡವಿದ, ಹತ್ತಿದ. ಒಳಗೆ ಹೋಗಿ ಚಿಲಕ ಹಾಕಿಕೊಂಡ. ಕಣ್ಣು ಹೋದ ಮೇಲೆ ಆ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದದ್ದು ಅದೇ ಮೊದಲು.

ಅವ್ವ ರೂಢಿಯಂತೆ ಬಾಗಿಲ ಹೊರಗೆ ನಿಂತಳು. ನಾನೂ ಪಕ್ಕದಲ್ಲೇ ನಿಂತೆ.

“ಯಾರದು ಹೊರಗ?” ಒಳಗಿನಿಂದ ಅಪ್ಪ ಗದರಿದ. “ಹೋಗ್ರಿ ಅತ್ಲಾಗ! ಮನಷ್ಯಾ ಒಂದೀಟು ಆರಾಮ ಕುಂಡ್ರಬಾರದೇನು?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಪ್ಪನಿಂದ ಬೈಸಿಕೊಂಡು ನನಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.