ಅರ್ಥಿಂಗಿಗೆ ನೀರೆರೆದು

ಎಲೆ ಬಿಡದ, ಹೂ ಬಿಡದ, ಕಾಯಿಯ ಆಸೆಯನ್ನಂತೂ ಎಂದೂ ಹುಟ್ಟಿಸದ ಒಂದು ವಸ್ತುವಿಗೆ ಬೇಸಿಗೆಯುದ್ದಕ್ಕೂ ಬೆಳಗಾಗೆದ್ದು ಕೊಡದಲ್ಲಿ ನೀರು ಹೊತ್ತು ಎರೆಯುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮೂರು ನಂದೊಳ್ಳಿಗೆ ಬಂದರೆ ನೋಡಬಹುದು. ಆ ಮನುಷ್ಯ ನಾನೇ. ದಾರಿಯಲ್ಲಿ ಹೋಗುವವರು ಬೇಲಿಯಾಚೆ ನಿಂತು ಅದು ಎಂತ ಗಿಡ ಎಂದು ಕೇಳುತ್ತಾರೆ. ಅರ್ಥಿಂಗು ಎಂದರೆ ಒಮ್ಮೆ ನೆಲವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ವಿಜ್ಞಾನದ ಮೇಷ್ಟರಾಗಿ ನಿವೃತ್ತರಾದವರಿಗೆ ಇಷ್ಟಾದರೂ ರಿಯಾಯಿತಿ ಇರಬೇಕೆಂಬ ಔದಾರ್ಯದಿಂದ ಮುಂದೆ ನಡೆಯುತ್ತಾರೆ.

ನನಗೆ ಹ್ಯಾಮ್ ರೇಡಿಯೊ ಎಂಬ ವ್ಯಸನವಿದೆ. ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ಒಂದು ಪುಟ್ಟ ಯಂತ್ರವಿಟ್ಟುಕೊಂಡು, ಕಂಡರಿಯದ ಊರಿನ ಕಂಡರಿಯದ ಜನರೊಡನೆ ಆಕಾಶಮಾರ್ಗವಾಗಿ ಲೋಕಾಭಿರಾಮ ಮಾತಾಡುವ ನಿರುಪದ್ರವಿ ಹವ್ಯಾಸ ಅದು. ಅದೇ ಮಾತನ್ನು ಮೊಬೈಲಿನಲ್ಲಿ ಇನ್ನೂ ಸ್ಪಷ್ಟವಾಗಿ ಆಡಬಹುದಲ್ಲ ಎಂದು ನನ್ನ ಹೆಂಡತಿ ಕೇಳುವುದುಂಟು. ಮೀನು ಪೇಟೆಯಲ್ಲೂ ಸಿಗುತ್ತದೆ, ಆದರೂ ಜನ ಹೊಳೆದಂಡೆಯಲ್ಲಿ ಗಾಳ ಹಾಕಿ ಕೂರುವುದಿಲ್ಲವೇ ಎಂಬ ನನ್ನ ಉತ್ತರ ನಮ್ಮ ಸಸ್ಯಾಹಾರಿ ಮನೆಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ.

ರೇಡಿಯೊದ ಏರಿಯಲ್ ತಂತಿಯ ಒಂದು ತುದಿ ನಮ್ಮ ಹಲಸಿನ ಮರಕ್ಕೆ, ಇನ್ನೊಂದು ತುದಿ ಅತ್ತಿಗೆಯ ಹಿತ್ತಿಲಿನ ನೇರಳೆ ಮರಕ್ಕೆ. ಅತ್ತಿಗೆ ಎಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ. ಮೊದಲು ಒಂದೇ ಆಗಿದ್ದ ಮನೆ ಹಿಸೆಯಾದಾಗ ನಡುವೆ ಗೋಡೆ ಎದ್ದು, ಮೀಟರು ಎರಡಾಯಿತು. ಜಗಳವೇನೂ ನಡೆದಿರಲಿಲ್ಲ, ಆದರೆ ಅಣ್ಣ ಹೋದ ಮೇಲೆ ಗೋಡೆಯ ಆಚೀಚೆ ಮಾತಾಡಲು ಪ್ರತಿ ಸಲವೂ ಒಂದು ಕಾರಣ ಬೇಕಾಗತೊಡಗಿತು. ಕಾರಣ ಹುಡುಕುವ ಶ್ರಮಕ್ಕಿಂತ ಮೌನವೇ ಸುಲಭವೆಂದು ಎರಡೂ ಕಡೆಯವರು ಕಂಡುಕೊಂಡಿದ್ದೆವು.

ಕಳೆದ ಬೇಸಿಗೆಯಲ್ಲಿ ಅತ್ತಿಗೆಗೆ ಕಾರಣ ತಾನಾಗಿಯೇ ಸಿಕ್ಕಿತು. ಆಕೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಶಾಲೆ ಶುರುವಾಗುವುದರೊಳಗೆ ರಾಶಿ ಬಟ್ಟೆ ಮುಗಿಯಬೇಕು. ಆದರೆ ಮೋಟಾರು ಹಾಕಿಸಿದ ಹೊಲಿಗೆ ಮಷಿನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಒಂದು ದಿನ ಗೋಡೆಯಾಚೆಯಿಂದ ಆಕೆಯ ದನಿ ಬಂತು.

"ತಮಾ, ನೀನು ಆ ವಾಯರ್ ಕಟ್ಟಿದ ಮೇಲೇ ಎನ್ನ ಮಷಿನ್ನು ಹಿಂಗೆ ಆಗೋಜು. ಹೆದ್ರಿಕೆಗೆ ಕೈ ಇಡಲೇ ಆಗ್ತಿಲ್ಲೆ. ಗುಡುಗು ಶುರುವಪ್ಪದ್ರೊಳಗೆ ಅದ್ನ ಬಿಚ್ಚು."

ಆಕೆಯ ಹೆದರಿಕೆಗೆ ಹಿನ್ನೆಲೆಯಿತ್ತು. ಹಿಂದೊಮ್ಮೆ ಅದೇ ನೇರಳೆ ಮರದ ಬುಡದಲ್ಲಿ ಕಟ್ಟಿದ್ದ ಎಮ್ಮೆ ಸಿಡಿಲಿಗೆ ಸತ್ತಿತ್ತು. ಅಂದಿನಿಂದ ಆಕಾಶ ಒಮ್ಮೆ ಗುರುಗುಟ್ಟಿದರೆ ಸಾಕು, ಅತ್ತಿಗೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಮರದ ಮಣೆ ಹಾಕಿಕೊಂಡು ಅದರ ಮೇಲೆ ಕಾಲು ಮಡಚಿ ಕೂತುಬಿಡುತ್ತಾರೆ. ತಂತಿಯ ತಪ್ಪಿಲ್ಲವೆಂದು ವಾದಿಸಬಹುದಿತ್ತು. ಆದರೆ ನನಗೇ ಖಾತ್ರಿಯಿರಲಿಲ್ಲ. ತಂತಿ ಕಟ್ಟಿದ್ದೂ ಮಷಿನ್ನು ಕೆಟ್ಟದ್ದೂ ಒಂದೇ ಬೇಸಿಗೆಯಲ್ಲಿ.

ರೇಡಿಯೊಗೆ ಅರ್ಥಿಂಗ್ ಬೇಕೇ, ಬೇಕಾದರೆ ಹೇಗೆ ಎಂಬ ಪ್ರಶ್ನೆಯನ್ನು ಹ್ಯಾಮ್ ಬಂಧುಗಳ ಮುಂದಿಟ್ಟೆ. ಓದುಗ ಮಹಾಶಯರೇ, ದ್ವೈತಾದ್ವೈತಗಳ ವಾಗ್ವಾದ ಇದಕ್ಕಿಂತ ಸೌಮ್ಯವಾಗಿದ್ದಿರಬೇಕು. ನಡುವೆ ತುಂಡರಿಸಿ ಎರಡು ಸಮಭಾಗ ಮಾಡಿದ ನನ್ನ ಏರಿಯಲ್ಲಿನಂಥ ತಂತಿಗೆ ಮಾತು ದಾಟಿಸಲು ಭೂಮಿಯ ಹಂಗೇ ಇಲ್ಲವೆಂದು ಒಬ್ಬರು. ಮಾತು ಹಾಗಿರಲಿ, ಮುಟ್ಟಿದವನ ಪ್ರಾಣಕ್ಕೆ ಬೇಕೇ ಬೇಕೆಂದು ಇನ್ನೊಬ್ಬರು. ಸಿಡಿಲಿಗಂತೂ ಬೇಕು, ಆದರೆ ಅರ್ಥಿಂಗನ್ನು ನಂಬಿ ತಂತಿ ಕೀಳದೆ ಕೂರುವವನು ಶುದ್ಧ ಮೂರ್ಖ ಎಂದು ಮತ್ತೊಬ್ಬರು. ಎಲ್ಲರೂ ಸರಿಯೇ ಹೇಳುತ್ತಿದ್ದರೆಂಬುದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಸರಿ, ಒಂದು ಸ್ವತಂತ್ರ ಅರ್ಥಿಂಗನ್ನೇ ಪ್ರತಿಷ್ಠಾಪಿಸುವುದೆಂದು ಹೊರಟೆ. ಉತ್ತಮ ವಾಹಕಗಳ ಬಗ್ಗೆ ಸೇವಾವಧಿಯುದ್ದಕ್ಕೂ ಪಾಠ ಹೇಳಿದವನಿಗೆ, ಜಂಬಿಟ್ಟಿಗೆ ಕಲ್ಲಿನ ನೆಲ ಎಂಥ ಅಧಮ ವಾಹಕವೆಂಬುದು ಹಾರೆ ಠಣ್ಣೆಂದು ಚಿಮ್ಮಿ ವಾಪಸು ಬಂದಾಗ ಮನದಟ್ಟಾಯಿತು. ಹಾಗೂ ಹೀಗೂ ಗುಂಡಿಯಾಯಿತು. ತಾಮ್ರದ ಸರಳು ನಿಂತಿತು, ಸುತ್ತ ಇದ್ದಿಲು ತುಂಬಿತು. ಮಿಡಿ ಉಪ್ಪಿನಕಾಯಿಗೆಂದು ಹೆಂಡತಿ ತಂದಿಟ್ಟಿದ್ದ ಹರಳುಪ್ಪೂ ಅದರ ಹೊಟ್ಟೆ ಸೇರಿತು. ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ತಡವಾಯಿತು, ಮಾತು ಮಾತ್ರ ಸಕಾಲಕ್ಕೆ ಬಂತು. ಇಷ್ಟಾದರೂ ಅತ್ತಿಗೆಯ ಮಷಿನ್ನು ಜುಮ್ಮೆನ್ನುವುದು ಬಿಡಲಿಲ್ಲ. ಪೂರ್ವದಲ್ಲಿ ಮೋಡ ಕಟ್ಟತೊಡಗಿತ್ತು.

ನನ್ನ ಸಾಧನೆಯನ್ನು ಕಿರವತ್ತಿಯಲ್ಲಿ ಢಾಬಾ ನಡೆಸುವ ಹ್ಯಾಮ್ ಗೆಳೆಯ ಬಸವರಾಜನಿಗೆ ರೇಡಿಯೊದಲ್ಲೇ ವರ್ಣಿಸಿದೆ. ಆತ ಗಾಬರಿಯಾದ.

"ಸರ, ಒಂದ ಮನಿಗೆ ಎರಡು ಅರ್ಥಿಂಗ್ ಬ್ಯಾರೆ ಬ್ಯಾರೆ ಇಡಬ್ಯಾಡ್ರಿ. ಸಿಡಿಲು ಬಡದ್ರ ಒಂದರಿಂದ ಇನ್ನೊಂದಕ್ಕ ನಿಮ್ಮ ಮಷಿನ್ ಮ್ಯಾಲಿಂದನ ಹಾಯ್ತೈತಿ. ಹಳೇದು ಎಲ್ಲೈತಿ ನೋಡಿ, ಎರಡೂ ಕೂಡಿಸ್ರಿ."

ಹಳೆಯದು ಎಲ್ಲಿದೆಯೆಂದು ಮೀಟರಿನಿಂದ ತಂತಿಯ ಜಾಡು ಹಿಡಿದು ಹೊರಟವನು ಗೋಡೆಗೆ ಬಂದು ನಿಂತೆ. ತಂತಿ ಗೋಡೆ ದಾಟಿ ಅತ್ತಿಗೆಯ ಹಿತ್ತಿಲಿಗೆ ಹೋಗಿತ್ತು. ಮನೆ ಎರಡು ಮಾಡಿದವರು ಮೀಟರು ಎರಡು ಮಾಡಿದ್ದರು, ಅರ್ಥಿಂಗನ್ನು ಮಾತ್ರ ಮರೆತಿದ್ದರು. ಅದು ಇಷ್ಟು ವರ್ಷವೂ ಒಂದೇ ಆಗಿ ಉಳಿದಿತ್ತು.

ಕರೆದರೆ ಅತ್ತಿಗೆ ಕತ್ತರಿ ಕೈಯಲ್ಲಿ ಹಿಡಿದೇ ಬಂದರು. ಬಚ್ಚಲ ಹಿಂದಿನ ಕೆಸುವಿನ ಹಿಂಡಿನ ಹತ್ತಿರ ತಂತಿ ನೆಲಕ್ಕಿಳಿದಿತ್ತು. ಹಿಂಡು ಎಂದೆನಾದರೂ ಅಲ್ಲಿದ್ದದ್ದು ಒಣಗಿದ ನಾಲ್ಕು ದಂಟು. ನೆಲ ಬಿರುಕು ಬಿಟ್ಟಿತ್ತು. ನಮ್ಮ ಕಡೆ ಅರ್ಥಿಂಗಿನ ಗುಂಡಿಯನ್ನು ಬಚ್ಚಲ ನೀರು ಹೋಗುವಲ್ಲೇ ತೋಡುವುದು ರೂಢಿ. ಮಿಂದ ನೀರು ಹರಿದು ಗುಂಡಿ ಸದಾ ಒದ್ದೆಯಾಗಿರಲಿ ಎಂದು. ಆ ನೀರೆಲ್ಲಿ ಹೋಯಿತೆಂದು ನಾನು ಕೇಳುವ ಮೊದಲೇ ಅತ್ತಿಗೆಯ ಮುಖ ಸಣ್ಣದಾಯಿತು.

"ಇಲ್ಲೇ ಹೋಗ್ತಿತ್ತು. ನಿನ್ನ ಅಣ್ಣನೇ ಹಂಗೆ ಮಾಡ್ಸಿದ್ದ. ಈ ಸರ್ತಿ ಬಚ್ಚಲಿಗೆ ಟೈಲ್ಸ್ ಹಾಕ್ಸಕಾರೆ ಆನೇ ಪೈಪ್ ಹಾಕಿ ಆಚೆ ತಿರುಗ್ಸಿಬಿಟ್ಟೆ."

ಬಿಂದಿಗೆ ತಂದು ಆಕೆಯೇ ನೀರು ಹೊಯ್ದರು. ಒಣನೆಲ ಅದನ್ನು ಸದ್ದು ಮಾಡುತ್ತ ಕುಡಿಯಿತು. ಬೇಸಿಗೆಯಲ್ಲಿ ಬಚ್ಚಲ ನೀರು ಸಾಲದೆಂದು ಅಣ್ಣ ದಿನಾ ಬೆಳಿಗ್ಗೆ ಇಲ್ಲಿಗೊಂದು ಕೊಡ ಎರೆಯುತ್ತಿದ್ದನೆಂದೂ, ತಾನು ಅದನ್ನು ಕೆಸುವಿನ ಮೇಲಿನ ಪ್ರೀತಿ ಎಂದುಕೊಂಡಿದ್ದೆನೆಂದೂ ಹೇಳಿದರು. ಗೋಡೆ ಕಟ್ಟಿದ ಮೇಲೂ ಅಣ್ಣ ನಮ್ಮ ಮನೆಯ ಪಾಲಿಗೂ ನೀರೆರೆಯುತ್ತಿದ್ದ; ಯಾರಿಗೂ ಹೇಳಿರಲಿಲ್ಲ.

ಮರುದಿನ ಯಲ್ಲಾಪುರದಿಂದ ಎಲೆಕ್ಟ್ರಿಷಿಯನ್ ಬಂದು, ತುಕ್ಕು ಹಿಡಿದ ಜೋಡಣೆ ಬದಲಿಸಿ, ಹಳೆಯ ಗುಂಡಿಗೆ ಹೊಸ ಇದ್ದಿಲು ತುಂಬಿ, ಗೋಡೆಯ ಕೆಳಗೆ ತಾಮ್ರದ ಪಟ್ಟಿ ಹಾಯಿಸಿ ಎರಡನ್ನೂ ಕೂಡಿಸಿದ. ಮಷಿನ್ನು ಸುಮ್ಮನಾಯಿತು, ಸಮವಸ್ತ್ರಗಳು ಶಾಲೆಗೆ ಹೋದವು. ಬೆಳಗಾಗೆದ್ದು ಗುಂಡಿಗೆ ಕೊಡ ಹೊರುವ ಅಣ್ಣನ ಕೆಲಸ ಅಂದಿನಿಂದ ನನ್ನ ಪಾಲಿಗೆ ಬಂತು. ತಂತಿ ಬಿಚ್ಚುವ ಮಾತನ್ನು ಅತ್ತಿಗೆಯೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಅರ್ಥಿಂಗ್ ಎಂದರೆ ಬೇಡದ್ದನ್ನೆಲ್ಲ ಭೂಮಿಗೆ ನೂಕುವ ಉಪಾಯವೆಂದು ಮಕ್ಕಳಿಗೆ ಕಲಿಸಿದ್ದವನು ನಾನು. ಅದು ಅರ್ಧ ಪಾಠ. ಒಂದೇ ಸೂರಿನ ಕೆಳಗಿರುವವೆಲ್ಲ ಒಂದೇ ಮಟ್ಟದಲ್ಲಿರಬೇಕು, ಸಿಡಿಲಿಗಿಂತ ಹೆಚ್ಚಿನ ಹಾನಿ ಆ ಮಟ್ಟದ ವ್ಯತ್ಯಾಸದಿಂದಲೇ ಆಗುತ್ತದೆ ಎಂಬುದು ಉಳಿದರ್ಧ.

ಮೊದಲ ಗುಡುಗು ಕಿರವತ್ತಿಯ ಕಡೆಯಿಂದ ಬಂತು. ಬಸವರಾಜ ರೇಡಿಯೊದಲ್ಲಿ ಎಚ್ಚರಿಸಿದ, ನಾನು ಏರಿಯಲ್ ಕಿತ್ತು ಕಿಟಕಿಯಾಚೆ ಹಾಕಿ, ಅತ್ತಿಗೆಗೆ ಹೇಳೋಣವೆಂದು ಗೋಡೆಯ ಬಳಿ ಬರುವಷ್ಟರಲ್ಲಿ ಆಚೆಯಿಂದಲೇ ದನಿ ಬಂತು: "ತಮಾ, ವಾಯರ್ ಕಿತ್ತಿದ್ಯ?"

ಮರುದಿನ ನೆಲವೆಲ್ಲ ಹಸಿ. ಆದರೂ ಅಭ್ಯಾಸಬಲದಿಂದ ಅತ್ತಿಗೆಯ ಹಿತ್ತಿಲಿನ ಗುಂಡಿಗೆ ಕೊಡ ಹೊತ್ತು ಹೋದೆ. ಅತ್ತಿಗೆ ಆಗಲೇ ಬಿಂದಿಗೆ ಬಗ್ಗಿಸುತ್ತಿದ್ದರು. ಮಳೆ ಬಿದ್ದ ನೆಲಕ್ಕೆ ಎಂತಕ್ಕೆ ಅತ್ತಿಗೆ ಎಂದೆ.

"ನಿನ್ನ ಅಣ್ಣನೂ ಮೊದಲ ಮಳೆ ಬಂದ ಮರುದಿನ ಎರೆಯದೆ ಇರ್ತಿದ್ನಿಲ್ಲೆ" ಎಂದರು.

ನಾನೂ ನನ್ನ ಕೊಡವನ್ನು ಅಲ್ಲೇ ಬಗ್ಗಿಸಿದೆ.