ಬೋರಿಂಗ್ ಅಂಗಡಿಯ ಉಸ್ತಾದ, ನನ್ನ ಸವತಿ

ಉಸ್ತಾದರ ಎರಡೂ ಕೈ ಮೊಣಕೈತನಕ ಎಣ್ಣೆ ಕುಡಿದು ಕಪ್ಪಾಗಿದ್ದವು. ಬಲಗೈಯ ತೋರುಬೆರಳೊಂದು ಮಾತ್ರ ಬೆಳ್ಳಗಿತ್ತು. ಎಂಜಿನ್ನಿನ ಸಿಲಿಂಡರಿನೊಳಗೆ ಇಳಿಸಿ ಸವೆತ ನೋಡುವ ಬೆರಳದು. ಮತ್ತೆ ಮತ್ತೆ ಸೋಪು ಹಚ್ಚಿ ತೊಳೆಯುತ್ತಿದ್ದರು. ಆ ಬೆರಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು 'ಬಾ' ಎಂದರೆ ಸಾಕು, ನನ್ನ ಗಂಡ ಊಟದ ತಾಟು ಬಿಟ್ಟು ಎದ್ದು ಹೋಗುತ್ತಿದ್ದರು.

ಎಪ್ಪತ್ತರ ದಶಕದ ಮಾತು. ವಿಜಾಪುರದಿಂದ ತಿಕೋಟಾ, ಬಬಲೇಶ್ವರಕ್ಕೆ ನಮ್ಮ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಯಾರೋ ಮುಂಬೈಯಿಂದ ತಂದು ಮಾರಿದ ಪರದೇಶದ ಹಳೆಯ ಕಾರು. ನಮ್ಮ ಅನ್ನ ಅದರಲ್ಲೇ ಇತ್ತು. ಸಂಜೆ ಕಾರು ನಿಲ್ಲಿಸಿದವರು ನೆಟ್ಟಗೆ ಗಾಂಧಿ ಚೌಕದ ಹಿಂದೆ, ಸವೆದ ಸಿಲಿಂಡರುಗಳನ್ನು ಕೆತ್ತಿ ಸರಿಮಾಡುವ ಉಸ್ತಾದರ ಬೋರಿಂಗ್ ಅಂಗಡಿಗೆ. ಮನೆಗೆ ಬರುವಷ್ಟರಲ್ಲಿ ನನ್ನ ರೊಟ್ಟಿ ಸೆಟೆದಿರುತ್ತಿತ್ತು. "ನಿಧಾನ ಹೊಡೀರಿ" ಎಂದು ನಾನು ವರ್ಷಗಟ್ಟಲೆ ಬಡಕೊಂಡೆ, ಗೋಡೆಗೆ ಹೇಳಿದಂತಾಯಿತು. ಉಸ್ತಾದರು ಒಮ್ಮೆ ಅಂದರು ನೋಡಿ, ಮರುದಿನದಿಂದ ಕಾರು ಮದುವೆ ದಿಬ್ಬಣದಂತೆ ಹೋಗತೊಡಗಿತು. ಬಂದ ಸವತಿ ಸೀರೆಯುಟ್ಟಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ನನ್ನ ಸವತಿಗೆ ಗಡ್ಡವಿತ್ತು.

ಆಮೇಲೆ ತಿಕೋಟಾ ದಾರಿಗೆ ಇನ್ನೊಬ್ಬರ ಹೊಸ ಕಾರು ಬಂತು. ಇವರಿಗೆ ಹೊಟ್ಟೆಯಲ್ಲಿ ಬೆಂಕಿ. ಸವೆದ ಎಂಜಿನ್ನನ್ನು ರಿಪೇರಿಗೆಂದು ಹೇಗೂ ಬಿಚ್ಚಿಯಾಗಿತ್ತು. ಸೊಲ್ಲಾಪುರಕ್ಕೆ ಹೋಗಿ ಕಾರು ಹೊಸದಕ್ಕಿಂತ ಜೋರಾಗಿ ಎಳೆಯಲೆಂದು ದೊಡ್ಡ ಸೈಜಿನ ಪಿಸ್ಟನ್ನುಗಳನ್ನು ತಂದು ಉಸ್ತಾದರ ಮುಂದಿಟ್ಟರು. ಸಂತೆ ಮುಗಿಸಿ ಅವರನ್ನು ಕರೆಯಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ.

ಉಸ್ತಾದರು ಪಿಸ್ಟನ್ನನ್ನು ಎಂಜಿನ್ ಬ್ಲಾಕಿನ ಸಿಲಿಂಡರ್ ಬಾಯಿಯ ಮೇಲಿಟ್ಟು ನೋಡಿ, ತೆಗೆದು ಬದಿಗಿಟ್ಟರು.

"ಆಗೂದಿಲ್ಲಪಾ ತಮ್ಮಾ. ಪೂರಾ ಕಬ್ಬಿಣದ ಬ್ಲಾಕ್ ಇದ್ರ ಕೆತ್ತಿ ಕೊಡ್ತಿದ್ದೆ. ಇದು ಅಲ್ಯುಮಿನಿಯಂ, ಒಳಗ ಕಬ್ಬಿಣದ್ದು ತೆಳ್ಳನ ಕೊಳವಿ ಐತಿ. ಆಗಲೇ ಎರಡು ಸಲ ಕೆತ್ತೀವಿ. ಇಷ್ಟು ದೊಡ್ಡ ಪಿಸ್ಟನ್ನಿಗೆ ಕೆತ್ತಿದ್ರ ಅದು ಹಪ್ಪಳ ಆಕೈತಿ. ಕಾದ್ರ ಅಲ್ಯುಮಿನಿಯಂ ಭಾಳ ಹಿಗ್ಗತೈತಿ, ಕಬ್ಬಿಣ ಕಮ್ಮಿ. ಕೊಳವಿ ಸಡಲಾಕೈತಿ, ಸೀಳತೈತಿ. ಸುತ್ತ ತಂಪಿಗೆ ಓಡೂ ನೀರು ಎಣ್ಣ್ಯಾಗ ಕೂಡಿದ್ರ ಎಂಜಿನ್ ಹೋತು."

"ನಿಮ್ಮ ಕೈಲೆ ಆಗೂದಿಲ್ಲಂದ್ರ ಬಿಡ್ರಿ. ಸೊಲ್ಲಾಪುರದಾಗ ಮಾಡವ್ರು ಅದಾರ."

ಉಸ್ತಾದರು ಪಿಸ್ಟನ್ನುಗಳನ್ನು ಅವರತ್ತ ಸರಿಸಿದರು. ಇವರು ಬ್ಲಾಕನ್ನು ಹೊತ್ತು ಮನೆಗೆ ತಂದು ಪಡಸಾಲೆಯ ಮೂಲೆಯಲ್ಲಿಟ್ಟರು. ವಾರ ಕಳೆದರೆ ಸೊಲ್ಲಾಪುರದ ಪಯಣ.

ಆ ವಾರ ನನಗೆ ಸವತಿ ತವರಿಗೆ ಹೋದಷ್ಟು ಸುಖ. ಸಂಜೆ ಗಂಡ ಮನೆಯಲ್ಲಿ! ಬಿಸಿ ರೊಟ್ಟಿ, ಝುಣಕ, ಎದುರಿಗೆ ಕೂತು ಮಾತು. ಆದರೆ ಪಡಸಾಲೆ ಗುಡಿಸುವಾಗೆಲ್ಲ ಆ ಬ್ಲಾಕು ಕಾಣುತ್ತಿತ್ತು. ಅದು ಸೀಳಿದರೆ ಹಿಟ್ಟಿನ ಡಬ್ಬಿಗೆ ಏನು ಬೀಳಬೇಕು? "ಉಸ್ತಾದರು ಬ್ಯಾಡಂದ್ರಲ್ರಿ" ಎಂದೆ ಕೊನೆಗೆ. ನನ್ನ ಬಾಯಲ್ಲಿ ಈ ಮಾತು! ಅವರು ಕೆಂಡವಾದರು.

ಬೇರೆ ದಾರಿಯಿಲ್ಲದೆ ಮಧ್ಯಾಹ್ನ ನಾನೇ ಅಂಗಡಿಗೆ ಹೋದೆ. "ನೀವು ಇನ್ನೊಮ್ಮೆ ಹೇಳ್ರಿ. ನನ್ನ ಮಾತು ಅವರು ಎಂದೂ ಕೇಳ್ಯಾರೇನು?"

ಉಸ್ತಾದರು ನಕ್ಕರು. "ಏನಂತೀರಿ ಅಕ್ಕಾರ? ಇಲ್ಲಿ ಕುಂತು ದಿನಾ ನಿಮ್ಮ ಸುದ್ದೀನ ಹೇಳ್ತಾನ. ನಮ್ಮಾಕಿ ಹಿಂಗಂದ್ಲು, ನಮ್ಮಾಕಿ ಕೈ ರುಚಿ ಹಂಗೈತಿ. ಕೇಳಿ ಕೇಳಿ ನನಗ ಸಾಕಾಗೇತಿ."

ಸಮಾಧಾನವಾಗಬೇಕಿತ್ತು. ಬದಲಿಗೆ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ನನಗೆ ಹೇಳಬೇಕಾದ್ದನ್ನೆಲ್ಲ ಈ ಮುದುಕರ ಕಿವಿಗೆ ಸುರಿದಿದ್ದರಲ್ಲ!

ಮರುದಿನ ಉಸ್ತಾದರೇ ಮನೆಗೆ ಬಂದರು. ಜಗಳದ ಮಾತೇ ಎತ್ತಲಿಲ್ಲ. ಹಳೆಯ ಕೊಳವೆ ತೆಗೆದು ಹೊಸದು ಕೂಡಿಸಿ ಎಂಜಿನ್ನನ್ನು ಮೂಲ ಸೈಜಿಗೆ ತರುತ್ತೇನೆ, ಹೊಸ ಕಾರಿನಷ್ಟೇ ಎಳೆಯುತ್ತದೆ ಎಂದರು. ಇವರು ನೆಲ ನೋಡುತ್ತ ಹೂಂಗುಟ್ಟಿದರು. ಹಳೆಯ ಕೊಳವೆಗಳನ್ನು ಅಂಗಡಿಯಲ್ಲಿ ಕೆತ್ತಿ ತೆಗೆದ ಮೇಲೆ ಬ್ಲಾಕು ಮತ್ತೆ ನಮ್ಮ ಮನೆಗೇ ಬಂತು.

"ಅಕ್ಕಾರ, ನಿಮ್ಮ ನೀರೊಲಿ ಬೇಕ್ರಿ. ಇದು ಕಾದು ಹಿಗ್ಗಬೇಕು, ಹೊಸ ಕೊಳವಿ ಬರ್ಫದಾಗ ಕುಗ್ಗಬೇಕು. ಹಂಚು ಕಾದದ್ದು ನಿಮಗ ಗೊತ್ತಾಗೂವಷ್ಟು ನಮಗ ಗೊತ್ತಾಗೂದಿಲ್ಲ. ನೀವ ಹೇಳಬೇಕು."

ಅವರ ಅಂಗಡಿಯಲ್ಲಿ ಒಳ್ಳೆಯ ಭಟ್ಟಿಯೇ ಇತ್ತು, ನನಗೆ ಗೊತ್ತಿತ್ತು. ಆದರೂ ಸ್ನಾನದ ನೀರು ಕಾಯಿಸುವ ಹಿತ್ತಲಿನ ಒಲೆ ಉರಿಸಿದೆ. ಬ್ಲಾಕಿನ ಮೇಲೆ ನೀರು ಚಿಮುಕಿಸುತ್ತ ಕೂತೆ. ಹನಿಗಳು ಚುರ್ರೆಂದು ಪುಟಿದಾಗ "ಈಗ!" ಎಂದೆ. ಮಂಜುಗಡ್ಡೆಯಲ್ಲಿ ಹುಗಿದಿಟ್ಟಿದ್ದ ಕೊಳವೆಗಳನ್ನು ಉಸ್ತಾದರು ಒಂದರ ಹಿಂದೊಂದು ಇಳಿಬಿಟ್ಟರು. ಠಣ್ಣೆಂದು ಕೂತವು. ನನ್ನ ಗಂಡ ಕುಣಿದಾಡಿ ತಬ್ಬಿಕೊಂಡದ್ದು ಮಾತ್ರ ಉಸ್ತಾದರನ್ನು. ಆ ಸಂಜೆಯಿಂದ ರೊಟ್ಟಿ ಮತ್ತೆ ಸೆಟೆಯತೊಡಗಿತು. ಕಾರು ಓಡಿತು, ಡಬ್ಬಿಯಲ್ಲಿ ಹಿಟ್ಟು ತಪ್ಪಲಿಲ್ಲ.

ಕೆಲವು ವರ್ಷಗಳ ನಂತರ ಉಸ್ತಾದರು ತೀರಿಕೊಂಡರು. ಮಣ್ಣು ಕೊಟ್ಟು ಬಂದ ನನ್ನ ಗಂಡ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಹಡೆದ ತಾಯಿಗೂ ಹಾಗೆ ಅತ್ತಿರಲಿಲ್ಲ. ನನಗಾದರೂ ಹೀಗೆ ಅಳುತ್ತಾರೋ ಇಲ್ಲವೋ ಎನಿಸಿ, ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು.

ಮೂರನೆಯ ದಿನ ಬುತ್ತಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಉಸ್ತಾದರ ಹೆಂಡತಿ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಅಂದರು:

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿಯವ್ರನ್ನ ಕಂಡ್ರ ನನಗ ಜಲ್ಮ ಪೂರ್ತಿ ಹೊಟ್ಟಿ ಉರೀತಿತ್ರಿ. ನಮ್ಮವ್ರು ಮನ್ಯಾಗ ಬಾಯಿ ಬಿಡ್ತಿರಲಿಲ್ಲ. ಮಾತೆಲ್ಲಾ ಅವರ ಮುಂದನ ಮುಗಿಸಿ ಬರ್ತಿದ್ರು."