ನದಿ ದಂಡೆಯ ಡೇರೆ

ಕಳೆದ ಶನಿವಾರ ಮಗಳು ಹೊಸ ಡೇರೆಯೊಂದನ್ನು ತಂದು, ಗೆಳತಿಯರ ಜತೆ ಹೊರಡುವ ಮೊದಲು ಒಮ್ಮೆ ನಿಲ್ಲಿಸಿ ನೋಡುತ್ತೇನೆಂದು ಹಜಾರದಲ್ಲೇ ಬಿಚ್ಚಿದಳು. ಸೋಫಾ ಗೋಡೆಗೆ ಸರಿಯಿತು, ಟೀಪಾಯಿ ಅಡುಗೆಮನೆಗೆ ಹೋಯಿತು, ನಾನು ಬಾಲ್ಕನಿಗೆ ಹೋದೆ. ಹೊಸ ಬಟ್ಟೆಯ ಆ ವಾಸನೆ ಅಲ್ಲಿಗೂ ಬಂತು. ಡೇರೆಯ ವಾಸನೆ ಬಂದ ಕಡೆ ನಾನು ನಿಲ್ಲುವವನಲ್ಲ. ನಿಮ್ಮೆದುರು ಮುಚ್ಚಿಟ್ಟೇನು ಮಾಡಲಿ, ಅದು ಹಳೆಯ ಹೊಟ್ಟೆಕಿಚ್ಚು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಾವೆಲ್ಲ ಡಾರ್ಮ್‌ಸ್ಟಾಟ್‌ಗೆ ಬಂದಿಳಿದ ವರ್ಷಗಳು ಅವು. ಗದಗಿನ ಬಸವರಾಜನೂ ನಾನೂ ಒಂದೇ ವಾರ ಬಂದವರು, ಒಂದೇ ಟ್ರಾಮಿನಲ್ಲಿ ನೇತಾಡಿದವರು. ಅವನಿಗೆ ನನಗಿಂತ ದೊಡ್ಡ ಕಂಪನಿ ಸಿಕ್ಕಿತು, ಸಹಿಸಿಕೊಂಡೆ. ಬಿಸಿಲು ಬೀಳುವ ಬಾಲ್ಕನಿಯಿದ್ದ ಮನೆ ಸಿಕ್ಕಿತು, ಅದನ್ನೂ ಸಹಿಸಿಕೊಂಡೆ. ಒಂದು ಭಾನುವಾರ ಅವರ ಮನೆಯಲ್ಲಿ ಚಹಾ ಕುಡಿಯುವಾಗ, "ಆಫ್ರಿಕಾಕ್ಕ ಹೊಂಟೇವೋ ದೋಸ್ತ, ಸಫಾರಿಗೆ" ಅಂದ ನೋಡಿ, ಅದನ್ನು ಮಾತ್ರ ಸಹಿಸಲಾಗಲಿಲ್ಲ.

ಯಾಕೆಂದರೆ ಕಾಡು, ಪ್ರಾಣಿ ಎಲ್ಲ ನನ್ನ ಸ್ವತ್ತು ಎಂದು ನಾನು ತಿಳಿದಿದ್ದೆ. ನನ್ನ ಅಪ್ಪ ದಾಂಡೇಲಿಯ ಅರಣ್ಯ ಕಚೇರಿಯಲ್ಲಿ ಗುಮಾಸ್ತರು. ನಾನು ಹುಲಿಯನ್ನು ನೋಡಿರಲಿಲ್ಲ, ಹುಲಿ ನೋಡಿದವರನ್ನು ಬೇಕಾದಷ್ಟು ನೋಡಿದ್ದೆ. ಅಷ್ಟರ ಮೇಲೆಯೇ ಡಾರ್ಮ್‌ಸ್ಟಾಟ್‌ನ ಕನ್ನಡಿಗರ ನಡುವೆ ದೊಡ್ಡ ಕಾಡುಮನುಷ್ಯನಾಗಿ ಮೆರೆಯುತ್ತಿದ್ದೆ. ಬಸವರಾಜನಿಗೋ, ಕಾಡುಕೋಣಕ್ಕೂ ಎಮ್ಮೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅವನು ಆನೆಗಳ ನಡುವೆ ಹೋಗುವುದು, ನಾನು ಟ್ರಾಮಿನಲ್ಲಿ ಕೂರುವುದು!

ಅವನು ಹೊರಡುವುದಕ್ಕೆ ಕಾರಣವಿತ್ತು, ಅದು ನನಗೆ ಗೊತ್ತೂ ಇತ್ತು. ಹಿಂದಿನ ಚಳಿಗಾಲದಲ್ಲಿ ಅವನ ಹೆಂಡತಿ ಜಯಶ್ರೀಗೆ ಐದನೇ ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗಿತ್ತು. ಆಮೇಲೆ ಆ ಹುಡುಗಿ ಹೊರಗೆ ಬರುವುದನ್ನೇ ಬಿಟ್ಟಳು. ನಮ್ಮ ಮಗಳು ಆಗ ಹಾಲು ಕುಡಿಯುವ ಕೂಸು, ಅವಳನ್ನು ಎತ್ತಿಕೊಂಡು ಹೋದರೆ ಜಯಶ್ರೀ ಏನಾದರೂ ನೆಪ ಹೇಳಿ ಒಳಗೆ ಹೋಗುತ್ತಿದ್ದಳು. ಹೇಗಾದರೂ ಅವಳು ಮತ್ತೆ ಒಮ್ಮೆ ನಗಲಿ ಎಂದು ಬಸವರಾಜ ಕಂಡಕಂಡ ಊರಿನ ಹೆಸರು ಹೇಳಿ ಕೇಳಿದ್ದನಂತೆ. ಯಾವುದಕ್ಕೂ ಅವಳು ಹೂಂ ಅನ್ನಲಿಲ್ಲ. ಆಫ್ರಿಕಾ ಅಂದಾಗ ತಲೆ ಎತ್ತಿದಳಂತೆ.

"ಎಲ್ಲಿ ಇಳಕೋಬೇಕು ಅನ್ನೂದ ತಿಳೀವಲ್ದು. ನೀ ಕಾಡಿನಾಂವ, ಜರ್ಮನ್ ಬ್ಯಾರೆ ಓದ್ತಿ. ನೋಡಿ ಹೇಳು" ಎಂದು ಆ ಭಾನುವಾರ ಅವನು ಟ್ರಾವೆಲ್ ಏಜೆನ್ಸಿಯಿಂದ ತಂದ ಪ್ರವಾಸದ ಪುಸ್ತಕವನ್ನು ನನ್ನ ಮುಂದಿಟ್ಟ.

ಅದನ್ನು ನೋಡುವ ಅಗತ್ಯವೇ ಇರಲಿಲ್ಲ. ಅದೇ ಪುಸ್ತಕ ನಮ್ಮ ಮನೆಯಲ್ಲೂ ಇತ್ತು. ತಿಂಗಳಿನಿಂದ ನಿಘಂಟು ಹಿಡಿದು ಅದನ್ನು ಓದಿದ್ದೆ. ನನ್ನ ಕಂಪನಿಯಲ್ಲಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿದ್ದ ಕಾಲ, ಹೋಗುವ ಮಾತು ದೂರವೇ ಇತ್ತು. ಆದರೂ ನನ್ನ ಹೆಂಡತಿ ಶೈಲಾಳನ್ನು ಕೂರಿಸಿಕೊಂಡು ದಿನಾ ವಿವರಿಸುತ್ತಿದ್ದೆ: ಗುಡ್ಡದ ಮೇಲಿನ ಕಲ್ಲುಕಟ್ಟಡದ ಲಾಡ್ಜಿನಲ್ಲಿ ಈಜುಕೊಳವಿದೆ, ಬೇಲಿಯಿದೆ, ಪ್ರಾಣಿ ಮಾತ್ರ ದೂರ. ಕಾಡಿನಲ್ಲಿ ದಿನಕ್ಕೊಂದು ಕಡೆ ಹೂಡುವ ಸಣ್ಣ ಡೇರೆಯಲ್ಲಿ ಎಲ್ಲ ಹತ್ತಿರ, ಆದರೆ ಬಕೆಟ್ಟಿನ ನೀರು, ನೆಲದ ಹಾಸಿಗೆ. ಇವೆರಡರ ನಡುವೆ ನದಿ ದಂಡೆಯ ದೊಡ್ಡ ಡೇರೆ. ಒಳಗೆ ಮಂಚ, ಹಿಂದೆ ಬಚ್ಚಲು, ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ನೀರಿಗೆ ಬರುವ ಆನೆ. ಹೋದರೆ ಅಲ್ಲಿಗೇ ಎಂದು ತೀರ್ಮಾನಿಸಿದ್ದೆ.

ಅಂದು ಮಾತ್ರ ಒಳಗೆ ಹೋಗದೆ ಕೂತಿದ್ದ ಜಯಶ್ರೀ ಅದೇ ಡೇರೆಯ ಚಿತ್ರದ ಮೇಲೆ ಬೆರಳಿಟ್ಟು, "ಅಣ್ಣಾರ, ಇದು ಹೆಂಗರೀ?" ಅಂದಳು.

ತಿಂಗಳುಗಳ ನಂತರ ಆಕೆ ತಾನಾಗಿ ಕೇಳಿದ ಮಾತು ಅದು. ನಾನು ಗಂಟಲು ಸರಿಪಡಿಸಿಕೊಂಡೆ. "ಛೇ ಛೇ, ಅದು ಬ್ಯಾಡವಾ. ನೀರಾನಿ ದಂಡಿಗೆ ಬರ್ತಾವು. ಬಟ್ಟಿ ಗ್ವಾಡಿ ಏನ್ ತಡೀತೈತಿ? ಹಾವು ಚೇಳು ಬ್ಯಾರೆ. ಗುಡ್ಡದ ಮ್ಯಾಲಿನ ಲಾಡ್ಜ್ ಛಲೋ. ಬುಫೆ ಇರತೈತಿ, ಸಂಜೀಕ ಡ್ಯಾನ್ಸೂ ಇರತೈತಿ."

ಆಕೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. "ಹಂಗಾರ ಲಾಡ್ಜೇ ಬುಕ್ ಮಾಡೂಣು" ಅಂದ ಬಸವರಾಜ. ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಶೈಲಾ ನನ್ನನ್ನೇ ನೋಡಿದಳು. ಮನೆಗೆ ಮರಳುವಾಗ ಟ್ರಾಮಿನಲ್ಲಿ ನಾನೇ ತಡೆಯದೆ, "ಅವರ ಸುರಕ್ಷತೆಗಂತ ಹೇಳಿದೆ" ಎಂದೆ. "ಹೌದ್ರೀ" ಎಂದು ಕಿಟಕಿಯ ಕಡೆ ತಿರುಗಿದಳು.

ಅವರು ಹೋಗಿ ಬಂದ ಮೇಲೆ ಫೋಟೋ ತೋರಿಸಲು ನಾಲ್ಕಾರು ಮನೆಯವರನ್ನು ಊಟಕ್ಕೆ ಕರೆದರು. ಈಜುಕೊಳದ ಫೋಟೋಗಳನ್ನು ಹೊಗಳಲು ನಾನು ಒಳ್ಳೆಯ ಮಾತುಗಳನ್ನು ಹುಡುಕಿಟ್ಟುಕೊಂಡು ಹೋದೆ. ಮೊದಲ ಫೋಟೋದಲ್ಲೇ ನದಿ. ಎರಡನೆಯದರಲ್ಲಿ ಡೇರೆ. ಮೂರನೆಯದರಲ್ಲಿ ಡೇರೆಯ ಮುಂದಿನ ಕುರ್ಚಿಯಲ್ಲಿ ಜಯಶ್ರೀ, ಅವಳ ಹಿಂದೆ ಮರಿಯಾನೆಯನ್ನು ನೀರಿಗೆ ಇಳಿಸುತ್ತಿದ್ದ ತಾಯಿಯಾನೆ. ಜಯಶ್ರೀ ನಗುತ್ತಿದ್ದಳು. ಆ ನಗು ಕಂಡು ಸಂತೋಷಪಟ್ಟೆ ಅಂದರೆ ಸುಳ್ಳಾದೀತು. ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ ಅನ್ನಿಸಿತು.

"ಎಲ್ಲಾ ಇವನಿಂದ" ಎಂದು ಬಸವರಾಜ ನನ್ನ ಹೆಗಲು ತಟ್ಟಿದ. "ಮೊದಲ ಲಾಡ್ಜ್ ಅಂದಿದ್ದ. ಮರುದಿನ ಮುಂಜಾನೆ ಶೈಲಾ ವೈನಿ ಫೋನ್ ಮಾಡಿ, 'ನಮ್ಮವರು ಭಾಳ ವಿಚಾರ ಮಾಡ್ಯಾರ, ಡೇರೇನ ತಗೋರಿ ಅಂದಾರ' ಅಂತ ಹೇಳಿದ್ರು. ಇಷ್ಟು ಕಾಳಜಿ ಯಾರು ಮಾಡ್ತಾರ?"

ಎಲ್ಲರೂ ನನ್ನತ್ತ ತಿರುಗಿದರು. ಜಯಶ್ರೀ ನಮ್ಮ ಕೂಸನ್ನು ತಾನಾಗಿ ಎತ್ತಿಕೊಂಡು, "ಥ್ಯಾಂಕ್ಸ್ ರೀ ಅಣ್ಣಾರ" ಅಂದಳು. ಶೈಲಾ ಸವತೆಕಾಯಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಏನು ಮಾಡಿದೆ ಅನ್ನುತ್ತೀರಿ? ವಿನಯದಿಂದ ನಕ್ಕೆ.

ಮನೆಗೆ ಬಂದ ಮೇಲೆ, ಯಾಕೆ ಹಾಗೆ ಮಾಡಿದೆ ಎಂದು ಶೈಲಾಳನ್ನು ಕೇಳಿದೆ. "ಆಕಿ ಬೆರಳ ಹಿಂದ ತಗೊಂಡಿದ್ದು ನೋಡಾಕ ಆಗಲಿಲ್ಲ. ನಿಮ್ಮನ್ನ ಅವರ ಮುಂದ ಸಣ್ಣವರನ್ನ ಮಾಡಾಕೂ ಆಗಲಿಲ್ಲ" ಅಂದಳು. ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ನನ್ನ ಕೆಲಸ ಹೇಗೋ ಉಳಿಯಿತು, ಆಫ್ರಿಕಾ ಮಾತ್ರ ಮುಂದೆ ಹೋಗುತ್ತಲೇ ಇತ್ತು.

ಮಗಳು ಡೇರೆ ಬಿಚ್ಚಿದ ಶನಿವಾರ ಬಾಲ್ಕನಿಯಲ್ಲಿ ನಿಂತೇ, ಈಗ ಡ್ರೆಸ್ಡೆನ್‌ನಲ್ಲಿರುವ ಬಸವರಾಜನಿಗೆ ಫೋನ್ ಮಾಡಿದೆ, ಶೈಲಾಳ ಫೋನಿನ ಗುಟ್ಟನ್ನೂ ಸೇರಿಸಿ ಎಲ್ಲ ಹೇಳಿದೆ. ಸ್ಪೀಕರ್ ಹಾಕಿದ್ದನೆಂದು ಕಾಣುತ್ತದೆ, ಆಮೇಲೆ ಕೇಳಿದ್ದು ಜಯಶ್ರೀಯ ದನಿ.

"ಅಣ್ಣಾರ, ಫೋನ್ ಶೈಲಕ್ಕಗ ಕೊಡ್ರಿ."

ಕೊಟ್ಟೆ. ಶೈಲಾ "ಅಯ್ಯ, ಅದೇನ್ ದೊಡ್ಡದಬೇ" ಎಂದು ಶುರುಮಾಡಿದವಳು ಸ್ವಲ್ಪ ಹೊತ್ತಿನಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರೂ ಒಂದು ತಾಸು ಮಾತಾಡಿದರು, ನಕ್ಕರು. ನನ್ನ ಬಗ್ಗೆಯೇ ನಗುತ್ತಿದ್ದರೋ ಏನೋ. ಆ ಮಾತಿನಲ್ಲಿ ನನಗೆ ಜಾಗವಿರಲಿಲ್ಲ. ಅಡುಗೆಮನೆಗೆ ಹೋಗಿ, ಎರಡು ಲೋಟ ಚಹಾಕ್ಕೆ ನೀರಿಟ್ಟೆ.